ದಾವೋಸ್ ಬೆಟ್ಟದ ಮಾತು, ಅಬೂ ಕುಬೈಸ್ ಬೆಟ್ಟದ ಕೂಗು

2022ರ ಮಾರ್ಚ್ ತಿಂಗಳಿನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರ್‌ಗಳು ಕಾಣಿಸಿಕೊಂಡವು. ಕಾಪುವಿನ ಮಾರಿಗುಡಿಯ ಜಾತ್ರೆಯಿಂದ ಸುದ್ದಿಯಾದ ಈ ಬಹಿಷ್ಕಾರವು ಮುಲ್ಕಿಯ ಬಪ್ಪನಾಡು ಶ್ರೀ ದುರ್ಗಾಪರಮೇಶ್ವರಿ ಕ್ಷೇತ್ರದ ಆಸುಪಾಸನ್ನೂ ತಲುಪಿತು. ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕನ ಹೆಸರಿನೊಂದಿಗೆ ಹುಟ್ಟಿಕೊಂಡ ಐತಿಹ್ಯವುಳ್ಳ ಕ್ಷೇತ್ರವದು. ಆ ವರ್ತಕನ ನೆನಪನ್ನು ಶತಮಾನಗಳಿಂದ ಗೌರವಿಸುತ್ತಾ ಬಂದ ಊರಿನಲ್ಲಿ, ಬಳೆ, ಆಟಿಕೆ, ಮಿಠಾಯಿ ಮಾರಿ ಹೊಟ್ಟೆ ಹೊರೆಯುವ ಇಂದಿನ ಬಡ ವರ್ತಕನಿಗೆ ಬಾಗಿಲು ಮುಚ್ಚಲಾಯಿತು. ಅಂದಿನ ಸರಕಾರವು ವಿಧಾನಸಭೆಯಲ್ಲಿ 2002ರ ಮುಜರಾಯಿ ನಿಯಮವೊಂದನ್ನು ಮುಂದಿಟ್ಟು ಸುಮ್ಮನಾಯಿತು.

ಇದಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ, ಅಂದರೆ ಮೇ 2022ರಲ್ಲಿ, ಅದೇ ಸರಕಾರದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸ್ವಿಟ್ಝರ್‌ಲ್ಯಾಂಡಿನ ದಾವೋಸ್‌ಗೆ ತೆರಳಿದರು. ವಿಶ್ವ ಆರ್ಥಿಕ ವೇದಿಕೆಯ ವಾರ್ಷಿಕ ಸಭೆ ಸಾಮಾನ್ಯವಾಗಿ ನಡೆಯುವುದು ಜನವರಿಯಲ್ಲಿ. ಕೊರೋನಾದ ಕಾರಣ ಆ ವರ್ಷ ಅದನ್ನು ಮುಂದೂಡಲಾಗಿತ್ತು. ಅಲ್ಲಿ ರಾಜ್ಯ ಸರಕಾರ ಮಾಡಿಕೊಂಡ ಒಪ್ಪಂದಗಳಲ್ಲಿ ಅಬುಧಾಬಿಯ ಲುಲು ಸಮೂಹದೊಂದಿಗಿನ 2,000 ಕೋಟಿ ರೂಪಾಯಿಯ ಒಪ್ಪಂದವೂ ಒಂದು. ಆ ಸಮೂಹದ ಒಡೆಯರು ಕೇರಳ ಮೂಲದ ಮುಸ್ಲಿಮ್ ಉದ್ಯಮಿ.

ಬಂಡವಾಳ ಬರುವುದು ತಪ್ಪಲ್ಲ. ಉದ್ಯೋಗ ಸೃಷ್ಟಿಯಾಗುವುದಾದರೆ ಸಂತೋಷವೇ. ಓರ್ವ ಉದ್ಯಮಿ ಹೂಡಿಕೆ ಮಾಡಲು ಮುಂದಾದದ್ದನ್ನು ಆಕ್ಷೇಪಿಸುವ ಉದ್ದೇಶವೂ ಈ ಬರಹಕ್ಕಿಲ್ಲ. ಆದರೆ ಒಂದೇ ಸರಕಾರ, ಒಂದೇ ಋತು. ಎರಡು ಸಾವಿರ ಕೋಟಿಯ ಮುಸ್ಲಿಮನಿಗೆ ಹಸ್ತಲಾಘವ, ಎರಡು ಸಾವಿರ ರೂಪಾಯಿಯ ಮುಸ್ಲಿಮನಿಗೆ ಬ್ಯಾನರ್! ಈ ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಪ್ರಶ್ನೆಯೊಂದು ಏಳುತ್ತದೆ. ಜಗತ್ತಿನ ಬೃಹತ್ ಉದ್ಯಮಗಳ ಮುಖ್ಯಸ್ಥರು ಒಂದೆಡೆ ಕಲೆತು ವಿಚಾರ ವಿನಿಮಯ ನಡೆಸುವ ಸಭೆಗಳಿಗೆ ಯಾರ ದೂರನ್ನು ಆಲಿಸುವ ಹೊಣೆಯಿದೆ?

ದಾವೋಸ್‌ನ ಚರಿತ್ರೆಯನ್ನೊಮ್ಮೆ ಅವಲೋಕಿಸೋಣ. ಆಲ್ಪ್ಸ್ ಪರ್ವತಗಳ ನಡುವಿನ ಈ ಪಟ್ಟಣವು ಹಿಂದೆ ಕ್ಷಯರೋಗಿಗಳ ಚಿಕಿತ್ಸಾಧಾಮಗಳಿಗೆ ಹೆಸರಾಗಿತ್ತು. ಜಿನೀವಾದಲ್ಲಿ ಪ್ರಾಧ್ಯಾಪಕರಾಗಿದ್ದ ಜರ್ಮನಿಯ ಕ್ಲಾಸ್ ಶ್ವಾಬ್ 1971ರಲ್ಲಿ ಇಲ್ಲಿ ಯುರೋಪಿನ ಕಂಪೆನಿಗಳ ಮುಖ್ಯಸ್ಥರನ್ನು ಸೇರಿಸಿದರು. ಅಮೆರಿಕದ ಆಡಳಿತ ತಂತ್ರಗಳನ್ನು ಯುರೋಪಿನ ಉದ್ಯಮಿಗಳಿಗೆ ಪರಿಚಯಿಸುವುದು ಅಂದಿನ ಉದ್ದೇಶವಾಗಿತ್ತು. ಯುರೋಪಿಯನ್ ಮ್ಯಾನೇಜ್‌ಮೆಂಟ್ ಫೋರಮ್ ಎಂಬ ಹೆಸರು 1987ರಲ್ಲಿ ವಿಶ್ವ ಆರ್ಥಿಕ ವೇದಿಕೆ ಎಂದಾಯಿತು. ಉದ್ಯಮಿಗಳ ಜೊತೆ ಮಂತ್ರಿಗಳು ಬಂದರು, ಮಂತ್ರಿಗಳ ಜೊತೆ ಪ್ರಧಾನಿಗಳು ಬಂದರು, ಅವರ ಹಿಂದೆ ಪತ್ರಕರ್ತರೂ ಸಿನೆಮಾ ತಾರೆಯರೂ ಬಂದರು. ಸುಮಾರು ಒಂದು ಸಾವಿರ ಬೃಹತ್ ಕಂಪೆನಿಗಳು ಇದರ ಸದಸ್ಯರು. ಉನ್ನತ ದರ್ಜೆಯ ಸದಸ್ಯತ್ವದ ವಾರ್ಷಿಕ ಶುಲ್ಕ ಲಕ್ಷಾಂತರ ಸ್ವಿಸ್ ಫ್ರಾಂಕ್. ಜಗತ್ತಿನ ಸ್ಥಿತಿಯನ್ನು ಉತ್ತಮಪಡಿಸುವುದು ಅದು ಘೋಷಿಸಿಕೊಂಡಿರುವ ಧ್ಯೇಯ.

ಇಂತಹ ಕೂಟ ಇದೊಂದೇ ಅಲ್ಲ. 1954ರಲ್ಲಿ ಹಾಲೆಂಡಿನ ಹೊಟೇಲೊಂದರಲ್ಲಿ ಆರಂಭವಾದ ಬಿಲ್ಡರ್‌ಬರ್ಗ್ ಸಭೆಯಿದೆ. 1973ರಲ್ಲಿ ಡೇವಿಡ್ ರಾಕ್‌ಫೆಲರ್ ಸ್ಥಾಪಿಸಿದ ತ್ರಿಪಕ್ಷೀಯ ಆಯೋಗವಿದೆ. ಇವುಗಳ ಬಗ್ಗೆ ನಮ್ಮ ಸಮುದಾಯದೊಳಗೆ ಹರಿದಾಡುವ ಮಾತುಗಳೂ ಕಡಿಮೆಯಲ್ಲ. ಮುಚ್ಚಿದ ಕೋಣೆಯಲ್ಲಿ ಹತ್ತಾರು ಮಂದಿ ಕುಳಿತು ಜಗತ್ತನ್ನೇ ಆಡಿಸುತ್ತಾರೆ, ಮುಸ್ಲಿಮ್ ರಾಷ್ಟ್ರಗಳ ಹಣೆಬರಹವನ್ನು ಬರೆಯುತ್ತಾರೆ ಎಂಬ ಕಥೆಗಳನ್ನು ಮೊಬೈಲುಗಳಲ್ಲಿ ಹಂಚುವವರು ನಮ್ಮಲ್ಲೂ ಇದ್ದಾರೆ. ಇದು ಆಲಸ್ಯದ ಇನ್ನೊಂದು ಹೆಸರು. ಎಲ್ಲವೂ ಪಿತೂರಿಯೆಂದ ಮೇಲೆ ನಾವು ಮಾಡಬೇಕಾದದ್ದೇನೂ ಉಳಿಯುವುದಿಲ್ಲವಲ್ಲ! ಪುರಾವೆಯಿಲ್ಲದ ಸುದ್ದಿಯನ್ನು ಪರಿಶೀಲಿಸದೆ ಹರಡಬಾರದೆಂದು ಕಲಿಸಿದ ಧರ್ಮದ ಅನುಯಾಯಿಗಳಿಗೆ ಇದು ಶೋಭಿಸುವುದಿಲ್ಲ. ಅಷ್ಟಕ್ಕೂ ದಾವೋಸ್‌ನ ದೋಷವನ್ನು ಕಾಣಲು ಗುಟ್ಟನ್ನು ಭೇದಿಸಬೇಕಾಗಿಲ್ಲ. ಅದು ಕ್ಯಾಮರಾಗಳ ಮುಂದೆಯೇ ಇದೆ.

ನ್ಯಾಯವಾಗಿ ಹೇಳುವುದಾದರೆ, ಆ ವೇದಿಕೆಯಿಂದ ಒಳಿತೇ ಆಗಿಲ್ಲವೆನ್ನಲಾಗದು. 1992ರಲ್ಲಿ ನೆಲ್ಸನ್ ಮಂಡೇಲಾ ಮತ್ತು ಡಿ ಕ್ಲರ್ಕ್ ದಕ್ಷಿಣ ಆಫ್ರಿಕಾದ ಹೊರಗೆ ಜೊತೆಯಾಗಿ ಕಾಣಿಸಿಕೊಂಡದ್ದು ಅಲ್ಲೇ. ಬಡ ರಾಷ್ಟ್ರಗಳ ಮಕ್ಕಳಿಗೆ ಲಸಿಕೆ ತಲುಪಿಸುವ ‘ಗಾವಿ’ ಒಕ್ಕೂಟಕ್ಕೆ 2000ದಲ್ಲಿ ಚಾಲನೆ ದೊರೆತದ್ದೂ ಅಲ್ಲೇ. ಪರಸ್ಪರ ಮುಖ ನೋಡದವರು ಮಾತನಾಡಲು ಒಂದು ಜಾಗ ಬೇಕು ಎಂಬುದನ್ನು ಅಲ್ಲಗಳೆಯುವವರು ಯಾರು? ಹಾಗಾದರೆ ತೊಡಕು ಎಲ್ಲಿದೆ?

ತೊಡಕು ಇರುವುದು ಮಾತಿಗೂ ಹೊಣೆಗೂ ನಡುವಿನ ಅಂತರದಲ್ಲಿ. ಇದಕ್ಕೆ ಅತ್ಯುತ್ತಮ ನಿದರ್ಶನ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿದೆ. 1999ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ದಾವೋಸ್‌ನ ವೇದಿಕೆಯಲ್ಲಿ ನಿಂತು, ಮಾನವ ಹಕ್ಕು, ಕಾರ್ಮಿಕರ ಹಿತ ಮತ್ತು ಪರಿಸರವನ್ನು ಗೌರವಿಸುವ ಜಾಗತಿಕ ಒಡಂಬಡಿಕೆಯೊಂದಕ್ಕೆ ಬದ್ಧರಾಗುವಂತೆ ಉದ್ಯಮಿಗಳಿಗೆ ಕರೆ ನೀಡಿದರು. 2000ದಲ್ಲಿ ಅದು ಜಾರಿಗೂ ಬಂತು. ಸಾವಿರಾರು ಕಂಪೆನಿಗಳು ಸಹಿ ಹಾಕಿದವು. ಆದರೆ ಅದು ಸ್ವಯಂಪ್ರೇರಿತ ವಚನವಾಗಿತ್ತು. ಮುರಿದರೆ ಕೇಳುವ ನ್ಯಾಯಾಲಯವಿರಲಿಲ್ಲ.

2013ರ ಏಪ್ರಿಲ್ 24ರಂದು ಢಾಕಾದ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿಯಿತು. ಪಾಶ್ಚಾತ್ಯ ಬ್ರ್ಯಾಂಡ್‌ಗಳಿಗಾಗಿ ಬಟ್ಟೆ ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಕಾರ್ಮಿಕರು ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡದ್ದು ಹಿಂದಿನ ದಿನವೇ. ಆದರೂ ಮರುದಿನ ಅವರನ್ನು ಕೆಲಸಕ್ಕೆ ಕರೆಸಲಾಯಿತು. ಗಮನಿಸಿ, ಅದು ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರ. ಕಟ್ಟಡದ ಒಡೆಯನೂ ಮುಸ್ಲಿಮ್, ಸತ್ತವರಲ್ಲಿ ಬಹುಪಾಲು ಮಂದಿಯೂ ಮುಸ್ಲಿಮರು. ಹೆಸರು ಮುಸ್ಲಿಮನದ್ದಾದ ಮಾತ್ರಕ್ಕೆ ಗೋಡೆಯ ಬಿರುಕು ಮುಚ್ಚುವುದಿಲ್ಲ.

ಆಮೇಲೆ ಆದದ್ದೇನು? ಕೆಲವೇ ವಾರಗಳೊಳಗೆ ಬೇರೊಂದು ಬಗೆಯ ಒಪ್ಪಂದಕ್ಕೆ ಸಹಿ ಬಿತ್ತು. ಕಟ್ಟಡ ಮತ್ತು ಅಗ್ನಿ ಸುರಕ್ಷತೆಗೆ ಸಂಬಂಧಿಸಿದ ಆ ಒಪ್ಪಂದದಲ್ಲಿ ಒಂದು ಕಡೆ ಜಾಗತಿಕ ಬ್ರ್ಯಾಂಡ್‌ಗಳು, ಇನ್ನೊಂದು ಕಡೆ ಕಾರ್ಮಿಕ ಸಂಘಗಳು ಇದ್ದವು. ಕಾರ್ಖಾನೆಗಳ ತಪಾಸಣೆ ಸ್ವತಂತ್ರ ಇಂಜಿನಿಯರ್‌ಗಳಿಂದ ನಡೆಯಬೇಕು, ವರದಿ ಬಹಿರಂಗವಾಗಬೇಕು, ಮಾತಿಗೆ ತಪ್ಪಿದ ಕಂಪೆನಿಯನ್ನು ಪಂಚಾಯ್ತಿಕೆಗೆ ಎಳೆಯುವ ಹಕ್ಕು ಕಾರ್ಮಿಕ ಸಂಘಗಳಿಗಿರಬೇಕು ಎಂಬುದು ಅದರ ಶರತ್ತು. ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆ ನಡೆಯಿತು, ದುರಸ್ತಿಗಳು ನಡೆದವು. ಹದಿಮೂರು ವರ್ಷಗಳ ಸದಾಶಯದ ವಚನ ರಾಣಾ ಪ್ಲಾಝಾದ ಬಿರುಕನ್ನು ತಡೆಯಲಿಲ್ಲ. ಆದರೆ ಅನ್ಯಾಯಕ್ಕೊಳಗಾದವರ ಪ್ರತಿನಿಧಿಯೂ ಸಹಿ ಹಾಕಿದ ಒಂದು ಕಾಗದ ಕೆಲವೇ ವರ್ಷಗಳಲ್ಲಿ ಗೋಡೆಗಳನ್ನು ರಿಪೇರಿ ಮಾಡಿಸಿತು. ಎರಡು ಸಂದರ್ಭದಲ್ಲೂ ಉದ್ಯಮಿಗಳ ಒಳ್ಳೆಯತನ ಅಷ್ಟೇ ಇತ್ತು. ಆದರೆ ಎರಡನೆಯದರಲ್ಲಿ ಅವರನ್ನು ಪ್ರಶ್ನಿಸಬಲ್ಲವರು ಒಪ್ಪಂದದ ಒಳಗಿದ್ದರು.

ದಾವೋಸ್‌ನಲ್ಲಿ ಬಡತನದ ಕುರಿತು ಭಾಷಣಗಳಿಗೆ ಬರವಿಲ್ಲ. ಜಗತ್ತಿನ ಬಡ ಅರ್ಧದಷ್ಟು ಜನರ ಬಳಿ ಇರುವಷ್ಟೇ ಸಂಪತ್ತು ಕೇವಲ ಎಂಟು ಮಂದಿಯ ಬಳಿ ಇದೆಯೆಂಬ ಲೆಕ್ಕವನ್ನು ಆಕ್ಸ್‌ಫಾಮ್ ಸಂಸ್ಥೆ 2017ರಲ್ಲಿ ಆ ಸಭೆಯ ಹೊಸ್ತಿಲಲ್ಲೇ ಪ್ರಕಟಿಸಿತು. ಎಲ್ಲರೂ ಕೇಳಿದರು, ತಲೆದೂಗಿದರು, ಕಳವಳ ವ್ಯಕ್ತಪಡಿಸಿದರು. ಮರುವರ್ಷ ಹೊಸ ವರದಿ, ಹೊಸ ಕಳವಳ. 2008ರ ಜನವರಿಯಲ್ಲೂ ಹಣಕಾಸು ಲೋಕದ ದಿಗ್ಗಜರು ಅಲ್ಲಿ ಸೇರಿದ್ದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ದಿವಾಳಿಯಾಗಿ ಕೋಟ್ಯಂತರ ಮಂದಿಯ ಉದ್ಯೋಗಕ್ಕೆ ಕುತ್ತು ಬಂತು. ವಿಚಾರ ವಿನಿಮಯಕ್ಕೆ ಕೊರತೆಯಿರಲಿಲ್ಲ. ಮನೆ ಕಳಕೊಳ್ಳಲಿದ್ದ ಸಾಲಗಾರ ಮಾತ್ರ ಆ ಕೋಣೆಯಲ್ಲಿರಲಿಲ್ಲ.

ಇನ್ನು, ಇದಕ್ಕೆ ಉತ್ತರವಾಗಿ ನಮ್ಮದೇ ದಾವೋಸ್ ಕಟ್ಟೋಣ ಎನ್ನುವವರಿದ್ದಾರೆ. ಮಲೇಶ್ಯಾದ ನೇತೃತ್ವದಲ್ಲಿ 2005ರಲ್ಲಿ ಕೌಲಾಲಂಪುರದಲ್ಲಿ ವಿಶ್ವ ಇಸ್ಲಾಮೀ ಆರ್ಥಿಕ ವೇದಿಕೆ ಪ್ರಾರಂಭವಾಯಿತು. 2013ರಲ್ಲಿ ಲಂಡನ್‌ನಲ್ಲಿ ನಡೆದ ಅದರ ಸಭೆಯಲ್ಲಿ ಬ್ರಿಟಿಷ್ ಪ್ರಧಾನಿ ಡೇವಿಡ್ ಕೆಮರೂನ್ ಇಸ್ಲಾಮೀ ಬಾಂಡ್ ಆದ ಸುಕೂಕ್ ಹೊರಡಿಸುವ ಯೋಜನೆಯನ್ನು ಪ್ರಕಟಿಸಿದರು. ಒಳ್ಳೆಯದೇ. ಆದರೆ 2017ರಲ್ಲಿ ರಿಯಾದ್‌ನಲ್ಲಿ ಆರಂಭವಾದ, ಪತ್ರಿಕೆಗಳು ಮರುಭೂಮಿಯ ದಾವೋಸ್ ಎಂದು ಕರೆದ ಹೂಡಿಕೆ ಸಮ್ಮೇಳನದ ಕಥೆ ಬೇರೆಯೇ ಪಾಠವನ್ನು ಕಲಿಸುತ್ತದೆ. 2018ರ ಅಕ್ಟೋಬರ್ 2ರಂದು ಪತ್ರಕರ್ತ ಜಮಾಲ್ ಖಶೋಗಿಯವರನ್ನು ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಕಚೇರಿಯೊಳಗೆ ಕೊಲ್ಲಲಾಯಿತು. ಆ ತಿಂಗಳಿನ ರಿಯಾದ್ ಸಮ್ಮೇಳನದಿಂದ ಜೆಪಿ ಮೋರ್ಗನ್, ಬ್ಲ್ಯಾಕ್‌ರಾಕ್, ಬ್ಲ್ಯಾಕ್‌ಸ್ಟೋನ್, ಉಬರ್ ಮುಂತಾದ ಕಂಪೆನಿಗಳ ಮುಖ್ಯಸ್ಥರು ಹಿಂದೆ ಸರಿದರು. ಬಂಡವಾಳಕ್ಕೂ ಆತ್ಮಸಾಕ್ಷಿಯಿದೆಯೆಂದು ಜಗತ್ತು ಸಮಾಧಾನಪಟ್ಟುಕೊಂಡಿತು. ಆದರೆ 2019ರ ಸಮ್ಮೇಳನಕ್ಕೆ ಅವರಲ್ಲಿ ಹಲವರು ಮರಳಿದರು. ಒಂದೇ ವರ್ಷಕ್ಕೆ ಆತ್ಮಸಾಕ್ಷಿಯ ಅವಧಿ ಮುಗಿದಿತ್ತು! ಅಂದು ಹಿಂದೆ ಸರಿದು ಮರುವರ್ಷ ಮರಳಿದವರಲ್ಲಿ ಒಬ್ಬರಾದ ಬ್ಲ್ಯಾಕ್‌ರಾಕ್‌ನ ಲ್ಯಾರಿ ಫಿಂಕ್, 2025ರಲ್ಲಿ ಶ್ವಾಬ್ ನಿರ್ಗಮಿಸಿದ ಬಳಿಕ ವಿಶ್ವ ಆರ್ಥಿಕ ವೇದಿಕೆಯ ಹಂಗಾಮಿ ಸಹ ಅಧ್ಯಕ್ಷರಾದರು. ಆಲ್ಪ್ಸ್‌ನ ಹಿಮವಿರಲಿ, ನಜ್ದ್‌ನ ಮರಳಿರಲಿ, ಕೂಟದ ನಿಯಮ ಒಂದೇ.

ನಮ್ಮ ಹೆಮ್ಮೆಯ ಇನ್ನೊಂದು ದೃಶ್ಯವನ್ನೂ ಇಲ್ಲಿ ನೆನಪಿಸಬೇಕು. 2009ರ ಜನವರಿ 29ರಂದು ದಾವೋಸ್‌ನ ವೇದಿಕೆಯಲ್ಲಿ ಗಾಝಾದ ಮೇಲಿನ ದಾಳಿಯನ್ನು ಇಸ್ರೇಲ್‌ನ ಅಧ್ಯಕ್ಷ ಶಿಮೋನ್ ಪೆರೆಸ್ ಸಮರ್ಥಿಸಿಕೊಂಡಾಗ, ತುರ್ಕಿಯ ಅಂದಿನ ಪ್ರಧಾನಿ ಎರ್ದೊಗಾನ್ ಅವರನ್ನು ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದರು. ಸಮಯ ಕೊಡದಿದ್ದಾಗ ಎದ್ದು ಹೊರನಡೆದರು. ಜಗತ್ತಿನಾದ್ಯಂತ ಮುಸ್ಲಿಮರ ಎದೆ ಉಬ್ಬಿತು. ಆ ಧೈರ್ಯ ಮೆಚ್ಚತಕ್ಕದ್ದೇ. ಆದರೆ ತುರ್ಕಿ ಮತ್ತು ಇಸ್ರೇಲ್ ನಡುವಣ ವ್ಯಾಪಾರವು ನಂತರದ ವರ್ಷಗಳಲ್ಲಿ ಬೆಳೆಯುತ್ತಲೇ ಹೋಯಿತು. ತುರ್ಕಿ ಅದನ್ನು ಸಂಪೂರ್ಣ ಸ್ಥಗಿತಗೊಳಿಸುವುದಾಗಿ ಘೋಷಿಸಿದ್ದು 2024ರ ಮೇ ತಿಂಗಳಲ್ಲಿ, ಗಾಝಾದಲ್ಲಿ ಮೂವತ್ತು ಸಾವಿರಕ್ಕೂ ಅಧಿಕ ಮಂದಿ ಹತರಾದ ಬಳಿಕ. ವೇದಿಕೆಯಿಂದ ಹೊರನಡೆಯಲು ಒಂದು ನಿಮಿಷ ಸಾಕಾಯಿತು, ಮಾರುಕಟ್ಟೆಯಿಂದ ಹೊರನಡೆಯಲು ಹದಿನೈದು ವರ್ಷ ಬೇಕಾಯಿತು. ಚಪ್ಪಾಳೆ ತಟ್ಟುವ ಮುನ್ನ ಈ ಲೆಕ್ಕವನ್ನೂ ನೋಡಬೇಕಲ್ಲವೇ?

ವರ್ತಕ ನಾಯಕರ ಕೂಟವೆಂಬುದು ನಮ್ಮ ಚರಿತ್ರೆಗೆ ಹೊಸದಲ್ಲ. ಮಕ್ಕಾ ಒಂದು ವ್ಯಾಪಾರಿ ನಗರವಾಗಿತ್ತು. ಕುರೈಶರ ಮುಖಂಡರೆಲ್ಲ ವರ್ತಕರೇ. ಅವರು ಕಲೆತು ಸಮಾಲೋಚಿಸುತ್ತಿದ್ದ ದಾರುನ್ನದ್ವಾ ಎಂಬ ಸಭಾಗೃಹವು ಕಾಬಾದ ಸಮೀಪದಲ್ಲಿಯೇ ಇತ್ತು. ಪ್ರವಾದಿ ಮುಹಮ್ಮದ್(ಸ)ರನ್ನು ಕೊಲ್ಲುವ ಸಂಚು ರೂಪುಗೊಂಡದ್ದು ಆ ಸಭಾಗೃಹದಲ್ಲಿ. ಅದಕ್ಕೂ ಮುಂಚೆ ಅದೇ ಮುಖಂಡರು ಹಾಶಿಮ್ ಗೋತ್ರದೊಂದಿಗೆ ಯಾರೂ ಕೊಡಕೊಳ್ಳಬಾರದೆಂದು ಪತ್ರ ಬರೆದು ಕಾಬಾದಲ್ಲಿ ತೂಗುಹಾಕಿದ್ದರು. ಸುಮಾರು ಮೂರು ವರ್ಷ ಪ್ರವಾದಿ(ಸ) ಮತ್ತು ಅವರ ಬಂಧುಗಳು ಅಬೂತಾಲಿಬ್ ಕಣಿವೆಯಲ್ಲಿ ಹಸಿವನ್ನುಂಡರು. ವ್ಯಾಪಾರ ಬಹಿಷ್ಕಾರದ ಬ್ಯಾನರ್ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಅದೇ ಮಕ್ಕಾದ ಅದೇ ವರ್ತಕರು, ಪ್ರವಾದಿತ್ವಕ್ಕೆ ಮೊದಲು ಇನ್ನೊಂದು ಸಭೆಯನ್ನೂ ಸೇರಿದ್ದರು. ಯಮನ್‌ನ ಝಬೀದ್‌ನಿಂದ ಬಂದ ಓರ್ವ ಪರದೇಶಿ ವ್ಯಾಪಾರಿಯಿಂದ ಮಕ್ಕಾದ ಪ್ರಬಲ ಮುಖಂಡ ಆಸ್ ಬಿನ್ ವಾಇಲ್ ಸರಕು ಪಡೆದು ಹಣ ಕೊಡಲು ನಿರಾಕರಿಸಿದ. ಆ ವ್ಯಾಪಾರಿಗೆ ಊರಲ್ಲಿ ಗೋತ್ರವಿಲ್ಲ, ಬಂಧುಗಳಿಲ್ಲ. ಆತ ಅಬೂ ಕುಬೈಸ್ ಬೆಟ್ಟವನ್ನೇರಿ, ಕಾಬಾದ ಸುತ್ತ ಕುಳಿತಿದ್ದವರಿಗೆಲ್ಲ ಕೇಳುವಂತೆ ತನಗಾದ ಅನ್ಯಾಯವನ್ನು ಕೂಗಿ ಹೇಳಿದ. ಆ ಕೂಗನ್ನು ಕೇಳಿದ ಹಾಶಿಮ್, ಝುಹ್ರಾ, ತೈಮ್ ಮುಂತಾದ ಗೋತ್ರಗಳ ಮಂದಿ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿದರು. ಊರವನಿರಲಿ ಪರದೇಶಿಯಿರಲಿ, ಮರ್ದಿತನ ಹಕ್ಕು ಮರಳುವವರೆಗೂ ತಾವೆಲ್ಲ ಒಂದೇ ಕೈಯಾಗಿ ಅವನ ಜೊತೆ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಅಲ್ಲಿಂದ ನೇರವಾಗಿ ಆಸ್‌ನ ಮನೆಗೆ ಹೋಗಿ ವ್ಯಾಪಾರಿಯ ಹಕ್ಕನ್ನು ಮರಳಿ ಕೊಡಿಸಿದರು. ಇದುವೇ ಹಿಲ್‌ಫುಲ್ ಫುಝೂಲ್. ಸುಮಾರು ಇಪ್ಪತ್ತರ ಹರೆಯದ ಮುಹಮ್ಮದ್(ಸ) ಅದರಲ್ಲಿ ಭಾಗಿಯಾಗಿದ್ದರು. ಅದರಲ್ಲಿ ಭಾಗಿಯಾದದ್ದು ಅತ್ಯಮೂಲ್ಯ ಸಂಪತ್ತಿಗಿಂತಲೂ ಮಿಗಿಲೆಂದೂ, ಅಂತಹದ್ದಕ್ಕೆ ಇಸ್ಲಾಮಿನ ಕಾಲದಲ್ಲಿ ಕರೆ ಬಂದರೂ ಓಗೊಡುವೆನೆಂದೂ ಪ್ರವಾದಿಯಾದ ಬಳಿಕ ಅವರು ಸ್ಮರಿಸಿದ್ದರು.

ಎಷ್ಟು ಸ್ಪಷ್ಟ ಮಾನದಂಡ! ಆ ಸಭೆಯಲ್ಲಿದ್ದವರು ವಿಗ್ರಹಾರಾಧಕರು. ಅದರ ಕಾರ್ಯಸೂಚಿಯಲ್ಲಿ ಇದ್ದದ್ದು ಒಂದೇ ವಿಷಯ. ಆದರೂ ಪ್ರವಾದಿ(ಸ)ರು ಅದನ್ನು ಗೌರವಿಸಿದರು. ಏಕೆಂದರೆ ಅದು ಬೆಟ್ಟದ ಮೇಲಿನ ಕೂಗಿಗೆ ಉತ್ತರಿಸಲು ತನ್ನನ್ನು ತಾನೇ ಕಟ್ಟಿಕೊಂಡಿತ್ತು. ದಾರುನ್ನದ್ವಾದಲ್ಲಿ ಎಲ್ಲ ದೊಡ್ಡವರೂ ಇದ್ದರು, ಅನ್ಯಾಯಕ್ಕೊಳಗಾದವನಿಗೆ ಪ್ರವೇಶವಿರಲಿಲ್ಲ. ಇಂದಿನ ದಾವೋಸ್‌ನಲ್ಲಿ ದೊಡ್ಡವರೇ ಬೆಟ್ಟದ ಮೇಲಿದ್ದಾರೆ, ಕೂಗುವವನು ಕೆಳಗಿದ್ದಾನೆ. ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರಬಾರದೆಂದು ಕುರ್‌ಆನಿನ ಅಲ್-ಹಶ್ರ್ ಅಧ್ಯಾಯ ಎಚ್ಚರಿಸಿದೆ. ವಿಚಾರಗಳೂ ಧನಿಕರ ನಡುವೆಯೇ ಸುತ್ತುತ್ತಿದ್ದರೆ ಸಂಪತ್ತು ಹೊರಗೆ ಬರುವುದಾದರೂ ಹೇಗೆ?

ಈಗ ನಮ್ಮ ಊರಿಗೆ ಬರೋಣ. ನಮ್ಮ ಪಟ್ಟಣಗಳಲ್ಲೂ ಮುಸ್ಲಿಮ್ ಉದ್ಯಮಿಗಳ ಕೂಟಗಳಿವೆ. ಹೊಟೇಲಿನ ಸಭಾಂಗಣ, ಕೊಲ್ಲಿಯಿಂದ ಬಂದ ಅತಿಥಿ, ಶಾಲು, ಸ್ಮರಣಿಕೆ, ಬಿರಿಯಾನಿ. ಶ್ರೀಮಂತ ಉದ್ಯಮಿಯ ಯಶೋಗಾಥೆಯನ್ನು ಕೇಳಿ ಎಲ್ಲರೂ ಎದ್ದು ಹೋಗುತ್ತಾರೆ. 2022ರ ಆ ಮಾರ್ಚ್‌ನಲ್ಲಿ ಜಾತ್ರೆಯಿಂದ ಹೊರದಬ್ಬಲ್ಪಟ್ಟ ವ್ಯಾಪಾರಿಗಾಗಿ ಇಂತಹ ಎಷ್ಟು ಕೂಟಗಳು ಒಂದು ಸಂಜೆಯನ್ನಾದರೂ ಮೀಸಲಿಟ್ಟವು? ರಾಜ್ಯದಲ್ಲಿ ಬೆಳೆಯುತ್ತಿರುವ ಧಾರ್ಮಿಕ ಒಡಕನ್ನು ನಿವಾರಿಸುವಂತೆ ಆ ದಿನಗಳಲ್ಲಿ ಮುಖ್ಯಮಂತ್ರಿಗೆ ಬಹಿರಂಗವಾಗಿ ಮನವಿ ಮಾಡಿದ ಪ್ರಮುಖ ಉದ್ಯಮಿ ಬಯೋಕಾನ್‌ನ ಕಿರಣ್ ಮಜುಮ್‌ದಾರ್ ಶಾ. ಅದಕ್ಕಾಗಿ ಅವರು ಟೀಕೆಗಳನ್ನೂ ಎದುರಿಸಿದರು. ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯ ಸಭೆಯ ಗುಣ ಅಂದು ಕಾಣಿಸಿದ್ದು ಅಲ್ಲಿ, ನಮ್ಮ ಸಭಾಂಗಣಗಳಲ್ಲಲ್ಲ ಎಂಬುದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಮಗಿರಬೇಕು.

ಇನ್ನೂ ಕಹಿಯಾದ ಮಾತೊಂದಿದೆ. ಅಬೂ ಕುಬೈಸ್ ಬೆಟ್ಟವೇರಿ ಕೂಗಬೇಕಾದ ಸ್ಥಿತಿಯನ್ನು ನಮ್ಮ ಅಂಗಡಿಗಳಲ್ಲಿ ದುಡಿಯುವವರಿಗೆ ನಾವೇ ತಂದಿಟ್ಟಿಲ್ಲವೇ? ಬಟ್ಟೆಯಂಗಡಿಯಲ್ಲಿ ಹನ್ನೆರಡು ಗಂಟೆ ನಿಂತೇ ದುಡಿಯುವ ಹುಡುಗಿಗೆ ಕನಿಷ್ಠ ವೇತನ, ವಾರದ ರಜೆ, ಭವಿಷ್ಯನಿಧಿ ಇದೆಯೇ? ಬೀಡಿ ಕಟ್ಟುವ ತಾಯಂದಿರಿಗೆ ಎಲೆ ಕಳಪೆಯೆಂದು, ಬೀಡಿ ಸರಿಯಿಲ್ಲವೆಂದು ಮಜೂರಿ ಕಡಿತಗೊಳಿಸುವವರಲ್ಲಿ ನಮ್ಮವರಿಲ್ಲವೇ? ರಮಝಾನ್‌ನಲ್ಲಿ ಝಕಾತ್‌ನ ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವ ಧಣಿ, ತನ್ನ ನೌಕರನ ಬಾಕಿ ಮಜೂರಿಯನ್ನು ಅವನ ಬೆವರು ಆರುವ ಮುನ್ನ ಪಾವತಿಸಿದ್ದಾನೆಯೇ? ಆಸ್ ಬಿನ್ ವಾಇಲ್ ಕೂಡಾ ಊರಿನ ಗಣ್ಯನಾಗಿಯೇ ಇದ್ದ ಎಂಬುದನ್ನು ನಾವು ಮರೆಯಬಾರದು.

ಮಾಡಬಹುದಾದ ಕೆಲಸ ದೂರದಲ್ಲೇನೂ ಇಲ್ಲ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ 2014ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರತಿ ನಗರಾಡಳಿತವೂ ಪಟ್ಟಣ ವ್ಯಾಪಾರ ಸಮಿತಿಯನ್ನು ರಚಿಸಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನಗಳು ವ್ಯಾಪಾರಿಗಳಿಂದಲೇ ಚುನಾಯಿತರಾದವರಿಗೆ, ಆ ಪೈಕಿ ಮೂರನೇ ಒಂದರಷ್ಟು ಮಹಿಳೆಯರಿಗೆ. ಇಲ್ಲಿ ವ್ಯಾಪಾರಿ ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ, ಅವನಿಗೆ ಕುರ್ಚಿಯೇ ಇದೆ. ನಿಮ್ಮ ಪಟ್ಟಣದಲ್ಲಿ ಈ ಸಮಿತಿ ಇದೆಯೇ? ಅದರ ಚುನಾವಣೆ ನಡೆದಿದೆಯೇ? ನಿಮ್ಮ ಮಸೀದಿಯ ಎದುರು ತಳ್ಳುಗಾಡಿ ನಿಲ್ಲಿಸುವವನ ಬಳಿ ಗುರುತುಚೀಟಿ ಇದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಜಮಾಅತ್, ಅವನ ಪರವಾಗಿ ವಕೀಲರನ್ನು ನೇಮಿಸುವ ವರ್ತಕರ ಸಂಘ, ಬಾಕಿ ಮಜೂರಿಯ ದೂರನ್ನು ಆಲಿಸಿ ತನ್ನ ಸದಸ್ಯನನ್ನೇ ಕರೆದು ಕೇಳುವ ಉದ್ಯಮಿಗಳ ಕೂಟ, ಇವು ನಮಗೆ ಬೇಕು. ಅದು ಮುಸ್ಲಿಮರಿಗೆ ಮಾತ್ರ ಮೀಸಲಾಗಬಾರದು. ಸಂತೆಯಲ್ಲಿ ಪಕ್ಕದಲ್ಲಿ ಕುಳಿತು ತರಕಾರಿ ಮಾರುವ ಹಿಂದೂ ಸಹೋದರಿಯ ದೂರಿಗೂ ಅಲ್ಲಿ ಅಷ್ಟೇ ತೂಕ ಸಿಗಬೇಕು. ಹಿಲ್‌ಫುಲ್ ಫುಝೂಲ್ ಯಾರ ಗೋತ್ರವನ್ನೂ ವಿಚಾರಿಸಲಿಲ್ಲ.

ಮುಂದಿನ ಜನವರಿಯಲ್ಲೂ ದಾವೋಸ್‌ಗೆ ವಿಮಾನಗಳು ಹಾರಲಿವೆ. ಹಾರಲಿ. ಅಲ್ಲೊಂದು ಕುರ್ಚಿ ನಮ್ಮವನಿಗೂ ಸಿಕ್ಕಿತೆಂದು ಹಿಗ್ಗುವುದೂ ಬೇಡ, ಅಲ್ಲಿಂದಲೇ ನಮ್ಮ ವಿನಾಶ ಹೊರಡುತ್ತದೆಂದು ಭಯಪಡುವುದೂ ಬೇಡ. ನಾಳೆ ನಮ್ಮ ಊರಿನ ಉದ್ಯಮಿಗಳ ಸಭೆಗೆ ಆಮಂತ್ರಣ ಬಂದಾಗ ಸಂಘಟಕರಲ್ಲಿ ಒಂದೇ ಒಂದು ಪ್ರಶ್ನೆ ಕೇಳೋಣ: ಜಾತ್ರೆಯಿಂದ ಹೊರದಬ್ಬಲ್ಪಟ್ಟ ಆ ಬಳೆ ವ್ಯಾಪಾರಿಯನ್ನು ಕರೆದಿದ್ದೀರಾ?